ಹೋಗುವಾಗ ಐದೂಕಾಲು ಗಂಟೆ, ಬರುವಾಗ ಹದಿನಾಲ್ಕೂವರೆ ಗಂಟೆ: ಲಂಡನ್ ಟಿಕೆಟ್ಟಿನ ಲೆಕ್ಕ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಚಿಕ್ಕ ಕಾಫಿ ತೋಟ. ತಂಗಿ ಲಂಡನ್ನಿನಲ್ಲಿದ್ದಾಳೆ. ಜನವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮನಿಗೆ 68 ವರ್ಷ. ಶುಗರ್ ಇದೆ, ಮಂಡಿ ನೋವಿದೆ, ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ತೋಟದಲ್ಲಿ ಕೊಯ್ಲು ನಡೆಯುತ್ತಿರುತ್ತದೆ, ನಾನು ಜೊತೆಗೆ ಹೋಗುವ ಹಾಗಿಲ್ಲ. ಬೆಂಗಳೂರಿನಿಂದ ಲಂಡನ್ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 8,046, ಇನ್ನೊಂದು ಕಡೆ 5,000, ಮತ್ತೊಂದು ಕಡೆ 4,345 ಎಂದಿದೆ. ಹಾರಲು 9 ಗಂಟೆ ಸಾಕು ಎಂದೂ ಬರೆದಿದ್ದಾರೆ. ಏಜೆಂಟ್ ಕಳಿಸಿದ ವೇಳೆ ನೋಡಿದರೆ ಬೆಳಗ್ಗೆ 7ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಮಧ್ಯಾಹ್ನ 12:15ಕ್ಕೆ ಲಂಡನ್. ಏಪ್ರಿಲ್‌ನಲ್ಲಿ ವಾಪಸ್ ಬರುವಾಗ ಮಧ್ಯಾಹ್ನ 1ಕ್ಕೆ ಬಿಟ್ಟು ಮರುದಿನ ಬೆಳಗಿನ ಜಾವ 3:30ಕ್ಕೆ ಬೆಂಗಳೂರು. ಹೋಗಲು ಐದೂಕಾಲು ಗಂಟೆ, ಬರಲು ಹದಿನಾಲ್ಕೂವರೆ ಗಂಟೆಯೇ? ಭೂಮಿ ಪೂರ್ವಕ್ಕೆ ತಿರುಗುವುದರಿಂದ ಲಂಡನ್ ತಾನೇ ವಿಮಾನದ ಕಡೆಗೆ ಬರುತ್ತದೆ, ಅದಕ್ಕೇ ಹೋಗುವಾಗ ಬೇಗ ಎನ್ನುತ್ತಾರೆ ಪಕ್ಕದ ತೋಟದವರು. ಅಮ್ಮನಿಗೆ ಬೇರೆಯೇ ಚಿಂತೆ: ದಾರಿ ಉದ್ದವಾದರೆ ಎಣ್ಣೆ ಸಾಲುತ್ತಾ? ನೇರ ವಿಮಾನ ತೆಗೆದುಕೊಳ್ಳಲೋ, ದುಬೈ ಮೇಲೆ ಕಳಿಸಲೋ? ಮಂಗಳೂರು ನಮಗೆ ಹತ್ತಿರ, ಅಲ್ಲಿಂದ ಬೆಂಗಳೂರಿಗೆ ಬೇರೆ ಟಿಕೆಟ್ ಮಾಡಲೋ? ಟಿಕೆಟ್ ಇನ್ನೂ ಕೊಂಡಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಕಿಲೋಮೀಟರು, ಗಂಟೆಗಳ ಬಗ್ಗೆ. ಆದರೆ ಒಳಗಿರುವ ಚಿಂತೆ ಅಮ್ಮ ಒಬ್ಬರೇ ಹೋಗುತ್ತಾರಲ್ಲ ಎನ್ನುವುದು. ಎರಡಕ್ಕೂ ಉತ್ತರ ಹೇಳುತ್ತೇನೆ.

ನಾನು ಹಾಸನದವನು. ಬಹಳ ವರ್ಷ ಫ್ಲೈಟ್ ಡಿಸ್ಪ್ಯಾಚರ್ ಆಗಿ ಕೆಲಸ ಮಾಡಿದ್ದೇನೆ. ವಿಮಾನ ಹೊರಡುವ ಮೊದಲು ಗಾಳಿ, ಮಳೆ, ಮಂಜು ನೋಡಿ, ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು ಎಂದು ಪ್ಲಾನ್ ಹಾಕಿ ಕ್ಯಾಪ್ಟನ್ ಕೈಗೆ ಕೊಡುವ ಕೆಲಸ ಅದು. ಅಷ್ಟು ವರ್ಷದಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಇಡೀ ಪ್ರಯಾಣದಲ್ಲಿ ಹೆಚ್ಚು ನಂಬಬಹುದಾದ ಭಾಗ ಆಕಾಶದಲ್ಲಿರುವುದು. ಜನ ಸಿಕ್ಕಿಹಾಕಿಕೊಳ್ಳುವುದು ಅದರ ಆಚೀಚೆ, ನೆಲದ ಮೇಲೆ. ನಿಮ್ಮ ಮನೆಯ ಗೇಟಿನಿಂದ ತಂಗಿಯ ಮನೆ ಬಾಗಿಲವರೆಗೆ ಲೆಕ್ಕ ಹಾಕಿ. ಆಗ ಯಾವ ಟಿಕೆಟ್ ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ನಿಮ್ಮ ಮೂರು ಅಂಕಿಗಳು. 8,046, 5,000, 4,345, ಮೂರೂ ಸರಿ. ಮೊದಲನೆಯದು ಕಿಲೋಮೀಟರು, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಹಡಗು, ವಿಮಾನದವರು ಬಳಸುವುದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಮೆಣಸನ್ನು ಕೆಜಿಯಲ್ಲಿ ಹೇಳಿದರೂ ಕ್ವಿಂಟಾಲಿನಲ್ಲಿ ಹೇಳಿದರೂ ಮೂಟೆ ಅದೇ ತಾನೇ, ಹಾಗೆ. ಹತ್ತಿಪ್ಪತ್ತು ಕಿ.ಮೀ. ಹೆಚ್ಚುಕಮ್ಮಿ ಕಂಡರೂ ತಲೆ ಕೆಡಿಸಿಕೊಳ್ಳಬೇಡಿ. ಕೆಲವರು ದೇವನಹಳ್ಳಿಯ ನಿಲ್ದಾಣದಿಂದ ಅಳೆಯುತ್ತಾರೆ, ಕೆಲವರು ಊರಿನ ನಡುವಿನಿಂದ.

ಈ 8,046 ಎನ್ನುವುದು ದಾರ ಎಳೆದ ದೂರ. ಗೋಡೆಗೆ ಹಾಕುವ ನಕಾಶೆಯಲ್ಲಿ ಅಲ್ಲ, ಮಕ್ಕಳ ಗ್ಲೋಬಿನ ಮೇಲೆ ಎಳೆದ ದಾರ. ಮನೆಯಲ್ಲೋ ಹತ್ತಿರದ ಶಾಲೆಯಲ್ಲೋ ಗ್ಲೋಬ್ ಇದ್ದರೆ ಒಮ್ಮೆ ಮಾಡಿ ನೋಡಿ. ಬೆಂಗಳೂರು, ಲಂಡನ್ ಎರಡರ ಮೇಲೂ ಬೆರಳಿಟ್ಟು ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಗುಜರಾತಿನ ಸೌರಾಷ್ಟ್ರ, ಪಾಕಿಸ್ತಾನದ ಬಲೂಚಿಸ್ತಾನ, ಇರಾನ್, ಕ್ಯಾಸ್ಪಿಯನ್ ಸಮುದ್ರದ ಅಂಚು, ಕಪ್ಪು ಸಮುದ್ರ, ಉಕ್ರೇನ್, ಪೋಲೆಂಡಿನ ದಕ್ಷಿಣ, ಜರ್ಮನಿ ಹೀಗೆ ಹೋಗುತ್ತದೆ. ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಅರೇಬಿಯಾ, ಸಿರಿಯಾ ಮೇಲೆ ಹೋಗುತ್ತದೆ. ಕಣ್ಣಿಗೆ ಅದೇ ನೇರ ಅನಿಸುತ್ತದೆ, ಆದರೆ ಉದ್ದದ ದಾರಿ ಅದು. ದುಂಡಗಿರುವ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಒತ್ತಿದಾಗ ಹಾಗಾಗುತ್ತದೆ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಹೋಗುವ ದಾರಿ ಕಾಣುತ್ತದೆ. ಅದು ಬಿಲ್ಲಿನ ಹಾಗೆ ಬಾಗಿರುವುದನ್ನು ನೋಡಿ ಹಿರಿಯರು ವಿಮಾನ ದಾರಿ ತಪ್ಪಿತೇನೋ ಎಂದು ಗಾಬರಿಯಾಗುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಡಿ.

9 ಗಂಟೆ ಎಲ್ಲಿಂದ ಬಂತು? 8,046ನ್ನು 900ರಿಂದ ಭಾಗಿಸಿದ್ದಾರೆ, ಅಷ್ಟೆ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಎಂದು ಹಿಡಿದರೆ 8 ಗಂಟೆ 56 ನಿಮಿಷ ಬರುತ್ತದೆ. ದಾರಿಯಲ್ಲಿ ಗಾಳಿಯೇ ಇಲ್ಲ, ಒಂದು ಇಂಚೂ ಬಳಸಿ ಹೋಗಲ್ಲ, ಗೇಟ್ ಬಿಟ್ಟ ಕ್ಷಣದಿಂದಲೇ ಪೂರ್ತಿ ವೇಗ ಎಂದರೆ ಅದು ಸರಿ. ಮೂಡಿಗೆರೆಯಿಂದ ಧರ್ಮಸ್ಥಳಕ್ಕೆ ಎಷ್ಟು ಹೊತ್ತು ಎಂದು ಕೇಳಿದರೆ ಕಿಲೋಮೀಟರನ್ನು ಎಂಬತ್ತರಿಂದ ಭಾಗಿಸಿ ಹೇಳಿದ ಹಾಗಾಯಿತು. ಚಾರ್ಮಾಡಿಯ ತಿರುವುಗಳು ಆ ಲೆಕ್ಕದಲ್ಲಿ ಇಲ್ಲ.

ಈಗ ಟಿಕೆಟ್ಟಿನ ಗಡಿಯಾರಕ್ಕೆ ಬರೋಣ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ತಲುಪುವ ಸಮಯ ತಲುಪುವ ಊರಿನದು. ಜನವರಿಯಲ್ಲಿ ಲಂಡನ್ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಮಧ್ಯಾಹ್ನ 12:15 ಆದಾಗ ಇಲ್ಲಿ ಸಂಜೆ 5:45. ಬೆಳಗ್ಗೆ 7ರಿಂದ ಸಂಜೆ 5:45, ಅಂದರೆ ಹತ್ತೂಮುಕ್ಕಾಲು ಗಂಟೆ. ಅಮ್ಮ ಕೂತಿರಬೇಕಾದ ನಿಜವಾದ ಹೊತ್ತು ಅದು. ಐದೂಕಾಲು ಎಂದು ಹೇಳಿ ಕಳಿಸಬೇಡಿ ದಯವಿಟ್ಟು. ಐದು ಗಂಟೆ ಆದ ಮೇಲೆ ಕಿಟಕಿ ನೋಡುತ್ತಾ ಕಾಯಲು ಶುರು ಮಾಡಿದರೆ ಮಿಕ್ಕ ಹೊತ್ತು ಕಳೆಯುವುದು ಬಹಳ ಕಷ್ಟ.

ಬರುವಾಗಿನ ಲೆಕ್ಕದಲ್ಲಿ ಇನ್ನೊಂದು ಸಣ್ಣ ಬದಲಾವಣೆ ಇದೆ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಹಾಗಾಗಿ ಏಪ್ರಿಲ್‌ನಲ್ಲಿ ನಮಗೂ ಅವರಿಗೂ ಅಂತರ ನಾಲ್ಕೂವರೆ ಗಂಟೆ ಮಾತ್ರ. ಅಲ್ಲಿ ಮಧ್ಯಾಹ್ನ 1 ಎಂದರೆ ಇಲ್ಲಿ ಸಂಜೆ 5:30. ಅಲ್ಲಿಂದ ಬೆಳಗಿನ ಜಾವ 3:30ಕ್ಕೆ ಹತ್ತು ಗಂಟೆ. ಹೋಗಲು ಹತ್ತೂಮುಕ್ಕಾಲು, ಬರಲು ಹತ್ತು. ಅಂದರೆ ಬೇಗ ಆಗುವುದು ಬರುವಾಗ. ನಿಮ್ಮ ಪಕ್ಕದ ತೋಟದವರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಟಿಕೆಟ್ ನೋಡಿದ ಯಾರಿಗಾದರೂ ಹಾಗೇ ಅನಿಸುತ್ತದೆ. ಭೂಮಿ ಪೂರ್ವಕ್ಕೆ ತಿರುಗುವುದೂ ನಿಜ. ಮೂಡಿಗೆರೆ ಇರುವ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ಆದರೆ ಗಾಳಿಯೂ ಅದರ ಜೊತೆಗೇ ಸಾಗುತ್ತದೆ. ಡಿಸೆಂಬರ್ ಬೆಳಗ್ಗೆ ನಿಮ್ಮ ಕಣಿವೆಯಲ್ಲಿ ಮಂಜು ಅಲ್ಲಾಡದೆ ನಿಂತಿರುತ್ತದಲ್ಲ? ನೆಲ ಮಾತ್ರ ತಿರುಗಿ ಗಾಳಿ ಹಿಂದೆ ಉಳಿಯುವುದಾಗಿದ್ದರೆ ಆ ಮಂಜು ನಿಲ್ಲುವ ಮಾತೇ ಇರಲಿಲ್ಲ. ಪೂರ್ವದ ಕಡೆಯಿಂದ ಗಂಟೆಗೆ 1,600 ಕಿ.ಮೀ. ವೇಗದ ಗಾಳಿ ಹಗಲೂ ರಾತ್ರಿ ಬೀಸುತ್ತಿತ್ತು. ತೋಟದಲ್ಲಿ ಒಂದು ಸಿಲ್ವರ್ ಮರ ನಿಲ್ಲುತ್ತಿರಲಿಲ್ಲ. ವಿಮಾನ ಹಾರುವುದು ಆ ಗಾಳಿಯೊಳಗೆ. ಹೊರಡುವಾಗಲೇ ಅದಕ್ಕೂ ನೆಲದ ವೇಗ ಇರುತ್ತದೆ. ಹಾಗಾಗಿ ಲಂಡನ್ ಎದುರಿಗೆ ಬರುವುದಿಲ್ಲ.

ವ್ಯತ್ಯಾಸ ಮಾಡುವುದು ಮೇಲಿನ ಗಾಳಿ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಇದೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಉತ್ತರ ಭಾರತ, ಇರಾನ್, ಅರೇಬಿಯಾದ ಉತ್ತರ ಭಾಗದ ಮೇಲೆ ಇದು ಜೋರಾಗಿರುತ್ತದೆ. ನಡುವಿನಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವಲ್ಲ. 1920ರ ದಶಕದಲ್ಲೇ ಜಪಾನಿನ ವಾಸಾಬುರೊ ಓಯಿಶಿ ಎನ್ನುವ ಹವಾಮಾನ ವಿಜ್ಞಾನಿ ಬಲೂನುಗಳನ್ನು ಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಬರೆದದ್ದು ಎಸ್ಪೆರಾಂಟೊ ಎನ್ನುವ ಕೃತಕ ಭಾಷೆಯಲ್ಲಿ, ಹೊರಗಿನವರು ಹೆಚ್ಚು ಜನ ಓದಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರಿದ ವಿಮಾನಗಳು ಈ ಗಾಳಿಗೆ ಸಿಕ್ಕಾಗ ಉಳಿದ ಜಗತ್ತಿಗೆ ಅದರ ಬಲ ಗೊತ್ತಾಯಿತು. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಹೊರಟ ಒಂದು ಪ್ರಯಾಣಿಕ ವಿಮಾನ ಈ ಗಾಳಿ ಹಿಡಿದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತು. ಸಾಮಾನ್ಯವಾಗಿ ಆರೂವರೆ ಗಂಟೆಯ ಆಸುಪಾಸು ಬೇಕು. ಈ ಗಾಳಿ ಪೂರ್ವಕ್ಕೇ ಹರಿಯುವುದರಲ್ಲಿ ಭೂಮಿಯ ತಿರುಗುವಿಕೆಯ ಪಾಲು ದೊಡ್ಡದು. ನಿಮ್ಮ ಪಕ್ಕದವರಿಗೆ ಇದನ್ನೂ ಹೇಳಿ. ಕಾರಣ ಹಿಡಿದದ್ದರಲ್ಲಿ ಅವರು ತೀರಾ ದೂರ ಇರಲಿಲ್ಲ, ಫಲ ತಿರುಗುಮುರುಗಾಯಿತು.

ನಮ್ಮ ಕೆಲಸದಲ್ಲಿ ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಇದು ಉದಾಹರಣೆಗೆ ಮಾತ್ರ, ದಿನದಿನಕ್ಕೂ ಬದಲಾಗುತ್ತದೆ. ನಿಜವಾದ ದಾರಿ ಬಳಸಿ ಹೋಗಿ 8,400 ಕಿ.ಮೀ. ಆಯಿತು ಎಂದುಕೊಳ್ಳಿ. ಹೋಗುವಾಗ ಎದುರುಗಾಳಿ ಸರಾಸರಿ 70 ಇದ್ದರೆ ನೆಲದ ಮೇಲಿನ ವೇಗ 900ರ ಬದಲು 830. ಹತ್ತು ಗಂಟೆ ಏಳು ನಿಮಿಷ ಬೇಕು. ಗೇಟಿನಿಂದ ಹಿಂದಕ್ಕೆ ತಳ್ಳಿ, ರನ್‌ವೇವರೆಗೆ ಉರುಳಿ, ಆ ಕಡೆ ಇಳಿದು ಮತ್ತೆ ಗೇಟಿಗೆ ಹೋಗಲು ಅರ್ಧ ಗಂಟೆಗೂ ಮೇಲೆ. ಅಲ್ಲಿಗೆ ಹತ್ತೂಮುಕ್ಕಾಲು. ಬರುವಾಗ ಹಿಂದಿನ ಗಾಳಿ 40 ಸಿಕ್ಕರೆ ಹಾರಾಟ ಒಂಬತ್ತು ಗಂಟೆಯೊಳಗೆ ಮುಗಿಯುತ್ತದೆ. ಉರುಳಾಟ ಸೇರಿಸಿದರೆ ಒಂಬತ್ತೂವರೆ. ಟಿಕೆಟ್ಟಿನಲ್ಲಿ ಹತ್ತು ಎಂದು ಹಾಕುವುದು ಕೈಯಲ್ಲಿ ಸ್ವಲ್ಪ ಇರಲಿ ಎಂದು.

ಟಿಕೆಟ್ಟಿನಲ್ಲಿರುವ ಈ ಸಮಯಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಘಾಟಿಯಲ್ಲಿ ಲಾರಿ ನಿಂತರೆ ಉರುಳದಿರಲಿ ಎಂದು ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ವಿಮಾನಕ್ಕೂ ಹಾಗೇ ಅಡ್ಡೆ ಕೊಡುತ್ತಾರೆ. ಇಲ್ಲಿ ಅಡ್ಡೆ ತೆಗೆದದ್ದರಿಂದ ಹಿಡಿದು ಅಲ್ಲಿ ಅಡ್ಡೆ ಕೊಡುವವರೆಗಿನ ಹೊತ್ತು ಅದು. ಲಂಡನ್ ಹೀಥ್ರೂ ನಿಲ್ದಾಣಕ್ಕೆ ಇರುವುದು ಎರಡೇ ರನ್‌ವೇ, ಬರುವ ವಿಮಾನಗಳು ಬಹಳ. ಇಳಿಯಲು ಸರದಿ ಬರುವವರೆಗೆ ಮೇಲೆ ಸುತ್ತು ಹಾಕುತ್ತಿರುತ್ತವೆ. ಆ ಸುತ್ತಾಟವೂ ಈ ಹೊತ್ತಿನಲ್ಲಿ ಸೇರಿದೆ. ಅಮ್ಮನಿಗೆ ಇದನ್ನೂ ಹೇಳಿ. ಇಳಿಯುವ ಮುಂಚೆ ಅದೇ ಹೊಲ, ಅದೇ ಊರು ಮತ್ತೆ ಮತ್ತೆ ಕಂಡರೆ ಹೆದರಬೇಕಿಲ್ಲ.

ದಾರಿ ಬಳಸುವುದು ಯಾಕೆ? ಗ್ಲೋಬಿನ ಮೇಲಿನ ದಾರ ಹಾಯುವ ದೇಶಗಳನ್ನು ಮತ್ತೊಮ್ಮೆ ನೋಡಿ. ಉಕ್ರೇನ್ ಆಕಾಶ 2022ರ ಫೆಬ್ರವರಿ 24ರಂದು ಪ್ರಯಾಣಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನ ಕಂಪನಿಗಳಿಗೆ ತನ್ನ ಆಕಾಶ ಮುಚ್ಚಿತು. 2019ರಲ್ಲೂ ಫೆಬ್ರವರಿ 27ರಿಂದ ಜುಲೈ 16ರವರೆಗೆ ಹೀಗೇ ಆಗಿತ್ತು. 2025ರ ಜೂನ್‌ನಲ್ಲಿ ಇರಾನ್ ಆಕಾಶವೂ ಕೆಲವು ದಿನ ಮುಚ್ಚಿತ್ತು. ಒಂದೇ ಊರಿಗೆ ಹೋಗುವ ಎರಡು ಕಂಪನಿಗಳ ಸಮಯದಲ್ಲಿ ವ್ಯತ್ಯಾಸ ಕಾಣುವುದಕ್ಕೆ ಇದೂ ಒಂದು ಕಾರಣ. ಒಬ್ಬರಿಗೆ ತೆರೆದಿರುವ ದಾರಿ ಇನ್ನೊಬ್ಬರಿಗೆ ಮುಚ್ಚಿರಬಹುದು. ದೆಹಲಿಯಿಂದ ಹೊರಡುವವರಿಗೆ ಪಾಕಿಸ್ತಾನ ಮುಚ್ಚಿದ್ದರ ಪೆಟ್ಟು ಜೋರು. ಬೆಂಗಳೂರಿನಿಂದ ಹೊರಡುವವರಿಗೆ ಅಷ್ಟಿಲ್ಲ, ಅರಬ್ಬಿ ಸಮುದ್ರದ ಮೇಲೆ ಸರಿದುಕೊಂಡು ಹೋಗಬಹುದು.

ಇನ್ನು ಅಮ್ಮನ ಪ್ರಶ್ನೆ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಅದೇ. ನನ್ನ ಜೀವಮಾನದ ಕೆಲಸವೇ ಅದಕ್ಕೆ ಉತ್ತರ ಹುಡುಕುವುದಾಗಿತ್ತು. ಎಣ್ಣೆ ತುಂಬುವುದು ಗ್ಲೋಬಿನ ದಾರ ನೋಡಿ ಅಲ್ಲ. ಆ ದಿನದ ದಾರಿ, ಆ ದಿನದ ಗಾಳಿ ನೋಡಿ ಎಷ್ಟು ಬೇಕೋ ಅಷ್ಟು. ಅದರ ಮೇಲೆ ಲೆಕ್ಕ ತಪ್ಪಿದರೆ ಇರಲಿ ಎಂದು ಸಾಮಾನ್ಯವಾಗಿ ಶೇ 5ರಷ್ಟು. ಅದರ ಮೇಲೆ, ಹೀಥ್ರೂನಲ್ಲಿ ಇಳಿಯಲು ಆಗದಿದ್ದರೆ ಗ್ಯಾಟ್‌ವಿಕ್ ಅಥವಾ ಸ್ಟಾನ್ಸ್‌ಟೆಡ್‌ನಂಥ ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು. ಅಲ್ಲಿಗೆ ಹೋದ ಮೇಲೂ ಅರ್ಧ ಗಂಟೆ ಸುತ್ತುವಷ್ಟು. ಈ ಕೊನೆಯ ಅರ್ಧ ಗಂಟೆಯ ಎಣ್ಣೆಯನ್ನು ಮುಟ್ಟುವ ಸ್ಥಿತಿ ಬಂದರೆ ಪೈಲಟ್ ಅಪಾಯದ ಕರೆ ಕೊಟ್ಟು ಎಲ್ಲರಿಗಿಂತ ಮೊದಲು ಇಳಿಯಬೇಕು ಎನ್ನುವುದು ನಿಯಮ. ಇಷ್ಟೆಲ್ಲ ಆದ ಮೇಲೆ ಕ್ಯಾಪ್ಟನ್ ತನಗೆ ಬೇಕೆನಿಸಿದರೆ ಇನ್ನೂ ಹಾಕಿಸಿಕೊಳ್ಳುತ್ತಾರೆ. ಹಾಕಿಸಬೇಡಿ ಎಂದು ನಾನು ಒಂದು ದಿನವೂ ಹೇಳಿಲ್ಲ. ಎಣ್ಣೆಯ ಚಿಂತೆ ನಿಮಗೆ ಬೇಡಮ್ಮ, ಅದಕ್ಕೆಂದೇ ರಾತ್ರಿ ಎಚ್ಚರವಿರುವ ಜನ ಇದ್ದಾರೆ ಎಂದು ನನ್ನ ಪರವಾಗಿ ಅವರಿಗೆ ಹೇಳಿ.

ಈಗ ಯಾವ ಟಿಕೆಟ್ ಎನ್ನುವುದು. ದುಬೈ ಮೇಲೆ ಹೋದರೆ ಬಹಳ ಸುತ್ತು ಎಂದು ಜನ ಅಂದುಕೊಳ್ಳುತ್ತಾರೆ. ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., ದುಬೈನಿಂದ ಹೀಥ್ರೂ 5,500ಕ್ಕೆ ಸ್ವಲ್ಪ ಕಮ್ಮಿ. ಕೂಡಿದರೆ 8,200ರ ಒಳಗೇ. ನೇರ ದಾರಿಗಿಂತ ಸುಮಾರು 130 ಕಿ.ಮೀ. ಮಾತ್ರ ಹೆಚ್ಚು. ಫ್ರಾಂಕ್‌ಫರ್ಟ್ ಮೇಲೆ ಹೋದರಂತೂ ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸವೂ ಬರುವುದಿಲ್ಲ, ಅದು ದಾರಿಯ ಮೇಲೇ ಇದೆ. ದೆಹಲಿ ಮೇಲೆ ಹೋದರೆ ಸುಮಾರು 400 ಕಿ.ಮೀ. ಜಾಸ್ತಿ. ಆದರೆ ಹೊತ್ತು ನೋಡಿ. ದುಬೈಗೆ 4 ಗಂಟೆ, ಅಲ್ಲಿ ಕಾಯುವುದು 3 ಗಂಟೆ, ಮತ್ತೆ ಲಂಡನ್ನಿಗೆ ಏಳೂವರೆ ಗಂಟೆ. ಹದಿನಾಲ್ಕೂವರೆ ಆಯಿತು. ಎರಡು ಸಲ ಏರಿ ಇಳಿಯುವುದು, ಎರಡು ಸಲ ಉರುಳುವುದು, ನಡುವೆ ಕೂತಿರುವುದು, ಇವು ಕಿಲೋಮೀಟರಿನ ಲೆಕ್ಕದಲ್ಲಿ ಕಾಣುವುದಿಲ್ಲ.

ದುಬೈ ದಾರಿಗೆ ಅದರದೇ ಅನುಕೂಲವಿದೆ. ಎಷ್ಟೋ ಸಲ ಟಿಕೆಟ್ ಅಗ್ಗ. ಹತ್ತೂಮುಕ್ಕಾಲು ಗಂಟೆ ಒಂದೇ ಕಡೆ ಮಂಡಿ ಮಡಿಸಿ ಕೂರುವ ಬದಲು ನಡುವೆ ಕಾಲು ಚಾಚಿ ಓಡಾಡಬಹುದು. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಅಪಾಯ ಇರುವುದು ಬೇರೆ ಕಡೆ. ಅಷ್ಟು ದೊಡ್ಡ ನಿಲ್ದಾಣ, ಅಮ್ಮ ಒಬ್ಬರೇ, ಗೇಟ್ ಬದಲಾಯಿತೆಂದು ಇಂಗ್ಲಿಷಿನಲ್ಲೋ ಅರಬ್ಬಿಯಲ್ಲೋ ಕೂಗಿದರೆ ತಿಳಿಯುವುದಿಲ್ಲ. ದುಬೈನಲ್ಲಿ ಕರಾವಳಿಯವರು ಬಹಳ ಜನ ಇದ್ದಾರೆ, ತುಳು, ಕನ್ನಡ ಆಡುವವರು ಸಿಕ್ಕರೂ ಸಿಕ್ಕಾರು. ಅದನ್ನೇ ನಂಬಿ ಕಳಿಸಲು ಆಗುವುದಿಲ್ಲ. ವೀಲ್‌ಚೇರ್ ಕೇಳಿದವರನ್ನು ವಿಮಾನದಿಂದ ಕೊನೆಯಲ್ಲಿ ಇಳಿಸುತ್ತಾರೆ. ಹಾಗಾಗಿ ಒಂದೂವರೆ ಗಂಟೆಯ ಬಿಡುವಿನ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಎರಡೂವರೆಯಿಂದ ನಾಲ್ಕು ಗಂಟೆ ಇರಲಿ. ಯುರೋಪಿನ ಊರಿನ ಮೇಲೆ ಹೋಗುವುದಾದರೆ ನಡುವೆ ವಿಮಾನ ಬದಲಿಸುವುದಕ್ಕೇ ಆ ದೇಶದ ವೀಸಾ (ಟ್ರಾನ್ಸಿಟ್ ವೀಸಾ) ಬೇಕೇ ಎಂದು ಟಿಕೆಟ್ ಕೊಳ್ಳುವ ಮುಂಚೆ ಕಂಪನಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ.

ಮೂರನೆಯ ದಾರಿ ಮಂಗಳೂರು. ಇದರ ಬಗ್ಗೆ ನಾನು ಗಟ್ಟಿಯಾಗಿ ಹೇಳುತ್ತೇನೆ: ಬೇಡ.

ಹೌದು, ನಿಮ್ಮಿಂದ ಮಂಗಳೂರಿನ ಬಜ್ಪೆ ನಿಲ್ದಾಣ ನೂರಿಪ್ಪತ್ತು ಕಿ.ಮೀ. ಆಸುಪಾಸು, ದೇವನಹಳ್ಳಿ ಮುನ್ನೂರಕ್ಕೆ ಸ್ವಲ್ಪ ಕಮ್ಮಿ. ಮಂಗಳೂರು–ಬೆಂಗಳೂರು ಆಕಾಶದ ದೂರ ಬರೀ 305 ಕಿ.ಮೀ., ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ. ಕೇಳಲು ಚೆನ್ನಾಗಿದೆ. ಈಗ ಗೇಟಿನಿಂದ ಲೆಕ್ಕ ಹಾಕಿ. ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ ದಾಟಿ ಬಜ್ಪೆಗೆ ಮೂರೂವರೆ ಗಂಟೆ. ಎರಡು ಗಂಟೆ ಮುಂಚೆ ಅಲ್ಲಿರಬೇಕು. ಟಿಕೆಟ್ಟಿನಲ್ಲಿ ಒಂದು ಗಂಟೆಯ ಹಾರಾಟ. ಆರೂವರೆ ಗಂಟೆ ಆಯಿತು. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ಕಾರಿನಲ್ಲಿ ಬಂದರೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಉಳಿದದ್ದು ಏನೂ ಇಲ್ಲ, ತಲೆನೋವು ಮಾತ್ರ ಹೆಚ್ಚಾಯಿತು. ಬೆಂಗಳೂರಿನಲ್ಲಿ ಇಳಿದ ಮೇಲೆ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಮೊದಲಿನಿಂದ ಚೆಕ್‌ಇನ್. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ಒಳನಾಡಿನ ವಿಮಾನ ಟರ್ಮಿನಲ್ 1ರಲ್ಲಿ ಇಳಿದರೆ ಅಲ್ಲಿಂದ ಇಲ್ಲಿಗೆ ಸಾಮಾನು ಹೊತ್ತು ಬರಬೇಕು. ಟಿಕೆಟ್ ಬೇರೆ ಬೇರೆ ಆದ್ದರಿಂದ ಮೊದಲನೆಯದು ತಡವಾದರೆ ಎರಡನೆಯವರು ಕೇಳುವುದಿಲ್ಲ.

ಸಕಲೇಶಪುರದ ನಮ್ಮ ಚಿಕ್ಕಪ್ಪ ಹೀಗೇ ಮಾಡಿದ್ದರು. ಜುಲೈ ತಿಂಗಳು. ಮಗನ ಹತ್ತಿರ ಗಲ್ಫಿಗೆ ಹೊರಟಿದ್ದರು. ಮಂಗಳೂರಿನಿಂದ ಒಂದು ಟಿಕೆಟ್, ಬೆಂಗಳೂರಿನಿಂದ ಇನ್ನೊಂದು. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ. ಆ ದಿನ ಮಳೆ, ಮೋಡ ಕವಿದು ಏನೂ ಕಾಣದೆ, ಅವರನ್ನು ಕರೆದೊಯ್ಯಬೇಕಿದ್ದ ವಿಮಾನ ಇಳಿಯಲಾಗದೆ ವಾಪಸ್ ಹೋಯಿತು. ಅದು ಯಾರ ತಪ್ಪೂ ಅಲ್ಲ, ಇಳಿಯದೆ ಹೋದದ್ದೇ ಸರಿ. ಆದರೆ ಬೆಂಗಳೂರಿನ ವಿಮಾನ ಹೋಗಿಯೇ ಬಿಟ್ಟಿತ್ತು. ಎರಡನೆಯ ಟಿಕೆಟ್ಟಿನ ದುಡ್ಡು ಪೂರ್ತಿ ಹೋಯಿತು. ಇಂಥದ್ದೇ ಕೆಲಸದಲ್ಲಿದ್ದ ನನ್ನನ್ನು ಅವರು ಮೊದಲೇ ಒಂದು ಮಾತು ಕೇಳಿರಲಿಲ್ಲ. ನಾನೂ ವಿಚಾರಿಸಿರಲಿಲ್ಲ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಜನವರಿಯಲ್ಲಿ ಅಂಥ ಮಳೆ ಇರುವುದಿಲ್ಲ, ನಿಜ. ಆದರೂ ಎರಡು ಬಿಡಿ ಟಿಕೆಟ್ ಎಂದರೆ ಅಪಾಯ ಪೂರ್ತಿ ನಿಮ್ಮ ತಲೆಯ ಮೇಲೇ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಹೋದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಅದಕ್ಕೂ ಇದೇ ಉತ್ತರ.

ಹಾಗಾದರೆ ನನ್ನ ಸಲಹೆ ನೇರ ವಿಮಾನ. ಅಮ್ಮ ಒಬ್ಬರೇ, ಭಾಷೆ ಬರುವುದಿಲ್ಲ, ಮಂಡಿ ನೋವು. ಇಷ್ಟಿರುವಾಗ ದುಬೈ ಟಿಕೆಟ್ ಹತ್ತು ಹದಿನೈದು ಸಾವಿರ ಕಮ್ಮಿ ಇದ್ದರೂ ನಾನು ನನ್ನ ತಾಯಿಯನ್ನು ಅದರಲ್ಲಿ ಕಳಿಸುತ್ತಿರಲಿಲ್ಲ. ಅಂತರ ಅದಕ್ಕಿಂತ ಬಹಳ ದೊಡ್ಡದಿದ್ದು ದುಡ್ಡು ಹೊಂದಿಸುವುದು ಕಷ್ಟವಾದರೆ ಒಂದೇ ಟಿಕೆಟ್, ವೀಲ್‌ಚೇರ್, ಮೂರು ಗಂಟೆಯ ಬಿಡುವು ಇಟ್ಟು ದುಬೈ ಮೇಲೆ ಕಳಿಸಿ, ತಪ್ಪೇನಿಲ್ಲ.

ನೇರ ವಿಮಾನದಲ್ಲೂ ಒಂದು ವಿಷಯ ಗಮನಿಸಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಮಂಜು ಬೀಳುತ್ತದೆ. 7ರ ವಿಮಾನ ಒಂದೆರಡು ಗಂಟೆ ತಡವಾಗಬಹುದು. ನೇರ ವಿಮಾನವಾದರೆ ಲಂಡನ್ನಿಗೆ ತಡವಾಗಿ ಮುಟ್ಟುತ್ತಾರೆ, ಅಷ್ಟೆ. ನಡುವೆ ಬದಲಿಸುವುದಿದ್ದರೆ ಆ ಎರಡು ಗಂಟೆಯೇ ದೊಡ್ಡದಾಗುತ್ತದೆ.

7ರ ವಿಮಾನಕ್ಕೆ 4 ಗಂಟೆಗೆ ಬಾಗಿಲಲ್ಲಿರಬೇಕು. ಹಿಂದಿನ ರಾತ್ರಿ ಎಂಟು ಗಂಟೆಗೆ ಮೂಡಿಗೆರೆ ಬಿಟ್ಟು ರಾತ್ರಿಯಿಡೀ ಕಾರಿನಲ್ಲಿ ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಷ್ಟು ಹೊತ್ತು ಕಾರಿನಲ್ಲಿ ಕೂತ ಕಾಲು ಮತ್ತೆ ಹತ್ತೂಮುಕ್ಕಾಲು ಗಂಟೆ ಕೂರಬೇಕು. ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಹೊರಡಿ. ನೆಲಮಂಗಲದಲ್ಲಿ ಬೆಂಗಳೂರಿನ ಒಳಗೆ ನುಗ್ಗದೆ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಿಕೊಳ್ಳಿ. ನಗರದ ಟ್ರಾಫಿಕ್ ಎಷ್ಟು ಹೊತ್ತು ತಿನ್ನುತ್ತದೆ ಎಂದು ಯಾವ ಡಿಸ್ಪ್ಯಾಚರ್ ಕೂಡ ಲೆಕ್ಕ ಹಾಕಿ ಹೇಳಲಾರ. ಆ ರಾತ್ರಿ ಅಲ್ಲೇ ಹತ್ತಿರ ಎಲ್ಲಾದರೂ ಉಳಿದು ಅಮ್ಮ ನಾಲ್ಕೈದು ಗಂಟೆ ಮಲಗಲಿ. ಮಧ್ಯಾಹ್ನ ಒಂದಕ್ಕೆ ಮನೆ ಬಿಟ್ಟವರು ಲಂಡನ್ನಿನಲ್ಲಿ ಇಮಿಗ್ರೇಷನ್ ಮುಗಿಸಿ ತಂಗಿಯ ಮನೆ ಸೇರುವಾಗ ನಮ್ಮ ಗಡಿಯಾರದಲ್ಲಿ ಮರುದಿನ ರಾತ್ರಿ ಒಂಬತ್ತಾಗಿರುತ್ತದೆ. ಮೂವತ್ತೆರಡು ಗಂಟೆ. ಅದರಲ್ಲಿ ವಿಮಾನ ಗಾಳಿಯಲ್ಲಿರುವುದು ಹತ್ತು ಗಂಟೆ ಮಾತ್ರ.

ವೀಲ್‌ಚೇರನ್ನು ಟಿಕೆಟ್ ಮಾಡುವಾಗಲೇ ಕೇಳಿ. ತಡವಾದರೆ ಹೊರಡುವ 48 ಗಂಟೆ ಮುಂಚೆಯಾದರೂ ಹೇಳಿಬಿಡಿ. ಟಿಕೆಟ್ ಇಲ್ಲದ ನಿಮ್ಮನ್ನು ಟರ್ಮಿನಲ್ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಸಹಾಯಕರು ಬಂದು ಕರೆದುಕೊಂಡು ಹೋಗುವವರೆಗೆ ನಿಂತಿರಿ. ಹಜಾರದ ಪಕ್ಕದ ಸೀಟು ಹಿಡಿಯಿರಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಲಿ, ನೀರು ಕುಡಿಯುತ್ತಿರಲಿ. ಹೆಚ್ಚು ಹೊತ್ತು ಒಂದೇ ಕಡೆ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಈ ವಯಸ್ಸಿನಲ್ಲಿ ಇದೆ. ಶುಗರ್ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ, ಪೆಟ್ಟಿಗೆಗೆ ಹಾಕಬೇಡಿ. ಪಶ್ಚಿಮಕ್ಕೆ ಹೋಗುವುದರಿಂದ ಅವರ ಆ ದಿನ ಐದೂವರೆ ಗಂಟೆ ಉದ್ದವಾಗುತ್ತದೆ. ಮಾತ್ರೆ ಯಾವ ಗಡಿಯಾರ ನೋಡಿ ನುಂಗಬೇಕು, ಊಟ ಯಾವಾಗ ಎಂದು ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಒಂದು ರಟ್ಟಿನ ಮೇಲೆ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ನೀರು ಬೇಕು, ಬಾತ್‌ರೂಮಿಗೆ ಹೋಗಬೇಕು, ಕಾಲು ನೋಯುತ್ತಿದೆ, ಮಗಳ ನಂಬರು ಇದು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಬಾಣಂತಿಗೆಂದು ತುಪ್ಪ, ಹಾಲಿನ ಸಿಹಿ ಕಟ್ಟಲು ಹೋಗುತ್ತಾರೆ, ಎಲ್ಲ ಅಮ್ಮಂದಿರೂ ಹಾಗೇ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಬ್ರಿಟನ್ನಿನಲ್ಲಿ ಬಿಡುವುದಿಲ್ಲ. ಕಾಫಿಪುಡಿಗೆ, ಮೆಣಸಿನಪುಡಿಗೆ ತೊಂದರೆ ಇಲ್ಲ.

ವಾಪಸ್ ಬರುವಾಗ ತಾರೀಕು ನೋಡಿಕೊಳ್ಳಿ. ಏಪ್ರಿಲ್ 20ರ ಟಿಕೆಟ್ ಎಂದಿದ್ದರೆ ಅಮ್ಮ ಬೆಂಗಳೂರಿನಲ್ಲಿ ಇಳಿಯುವುದು 21ರ ಬೆಳಗಿನ ಜಾವ 3:30ಕ್ಕೆ. 20ರ ಬೆಳಗಿನ ಜಾವ ಬಂದು ಕಾದು ಗಾಬರಿಯಾದವರೂ ಇದ್ದಾರೆ, 21ರ ಮಧ್ಯಾಹ್ನ 3:30 ಎಂದುಕೊಂಡು ಮನೆಯಲ್ಲೇ ಉಳಿದವರೂ ಇದ್ದಾರೆ. ನೀವು 20ರ ಸಂಜೆ ಕತ್ತಲಾಗುವ ಮೊದಲು ಹಾಸನ ದಾಟಿರಿ. ಹಿಂದಿನ ಗಾಳಿ ಚೆನ್ನಾಗಿ ಸಿಕ್ಕಿದ ದಿನ ಆ ವಿಮಾನ 3ಕ್ಕೇ ಇಳಿದರೂ ಇಳಿಯಬಹುದು.